ಹಳೇ ಸರಕು ಮೊದಲು ಹೊರಗೆ

ನನ್ನ ಭಾವನಿಗೆ ವರ್ಷವಿಡೀ ಚಳಿಗಾಲ. ಊರೆಲ್ಲ ಫ್ಯಾನಿನ ಕೆಳಗೆ ಕೂತು ಉಸ್ಸಪ್ಪಾ ಎನ್ನುವ ಹೊತ್ತಿನಲ್ಲಿ ಅವರು ಮಂಕಿ ಕ್ಯಾಪು, ಕೈಗವಸು, ಎರಡೆರಡು ಸ್ವೆಟರು ಚೀಲಕ್ಕೆ ತುರುಕಿಕೊಂಡು ಸೈಕಲ್ ಹತ್ತಿ ಕೆಲಸಕ್ಕೆ ಹೊರಡುತ್ತಾರೆ. ಹಣ್ಣು ತರಕಾರಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಅವರು ಸ್ಟೋರ್ ಕೀಪರು. ಕೆಲಸ ಮುಗಿಸಿ ಅವರು ಗೋದಾಮು ಬಿಟ್ಟು ಬರುತ್ತಾರೆ ನಿಜ, ಗೋದಾಮು ಅವರನ್ನು ಬಿಡುವುದಿಲ್ಲ. ಅದೇ ನನ್ನ ಅಕ್ಕನ ಗೋಳು. ನನ್ನದು ಎದುರು ಮನೆಯಾದ್ದರಿಂದ ಆ ಗೋಳಿನಲ್ಲಿ ಅರ್ಧ ಪಾಲು ನನಗೂ ಬರುತ್ತದೆ.

ಕೋಲ್ಡ್ ಸ್ಟೋರೇಜಿನಲ್ಲಿ ಒಂದು ನಿಯಮವಿದೆ. ಮೊದಲು ಬಂದ ಸರಕು ಮೊದಲು ಹೊರಗೆ ಹೋಗಬೇಕು. ಹೊಸ ಕ್ರೇಟುಗಳನ್ನು ಹಿಂದಕ್ಕೆ ಜೋಡಿಸಿ, ಹಳೆಯವನ್ನು ಬಾಗಿಲ ಹತ್ತಿರ ಎಳೆದಿಡಬೇಕು. ಆಲೂಗಡ್ಡೆಯ ಮಟ್ಟಿಗೆ ಇದು ಸರಿಯೇ. ಭಾವ ಇದನ್ನು ಮನೆಗೂ ತಂದರು. ಅಕ್ಕ ತಾಜಾ ಬ್ರೆಡ್ ತಂದರೆ, "ಮೊದ್ಲು ನಿನ್ನೇದು ಮುಗೀಲಿ" ಎಂದು ಹೊಸದನ್ನು ಕಪಾಟಿನ ಹಿಂದಕ್ಕೆ ತಳ್ಳುತ್ತಾರೆ. ನಿನ್ನೆಯದು ಮುಗಿಯುವಷ್ಟರಲ್ಲಿ ಹೊಸದೂ ಹಳೆಯದಾಗಿರುತ್ತದೆ. ಹೀಗಾಗಿ ಆ ಮನೆಯಲ್ಲಿ ತಾಜಾ ಬ್ರೆಡ್ ತಿಂದವರೇ ಇಲ್ಲ. ಮೆತ್ತಗಿನ ಬ್ರೆಡ್ ತಿನ್ನಬೇಕು ಅನ್ನಿಸಿದಾಗ ಅಕ್ಕ ರಸ್ತೆ ದಾಟಿ ನನ್ನ ಮನೆಗೆ ಬರುತ್ತಾಳೆ, ಕದ್ದು ತಿನ್ನುವವಳ ಮುಖ ಮಾಡಿಕೊಂಡು.

ನಿಯಮಗಳು ಇನ್ನೂ ಇವೆ. ಯಾವ ಸಾಮಾನೂ ಗೋಡೆಗೆ ತಾಗಬಾರದು, ಗಾಳಿಯಾಡಲು ಒಂದು ಗೇಣು ಜಾಗ ಬೇಕು. ಅವರ ಮನೆಯ ಸೋಫಾ, ಬೀರು, ಮಂಚ ಎಲ್ಲವೂ ಗೋಡೆಯ ಮೇಲೆ ಸಿಟ್ಟು ಮಾಡಿಕೊಂಡವರ ಥರ ದೂರ ನಿಂತಿವೆ. ಸೇಬಿನ ಪಕ್ಕದಲ್ಲಿ ಸೌತೆಕಾಯಿ ಇಟ್ಟರೆ ಸೌತೆಕಾಯಿ ಹಳದಿಯಾಗುತ್ತದಂತೆ, ಆದ್ದರಿಂದ ಒಂದರ ಗಾಳಿ ಇನ್ನೊಂದಕ್ಕೆ ಸೋಕಬಾರದು. ಕೊನೆಯದು ಮಾದರಿಯ ನಿಯಮ. ಯಾವ ಸರಕು ಹೊರಗೆ ಹೋದರೂ ಅದರಿಂದ ಒಂದು ಹಿಡಿ ತೆಗೆದು ಒಳಗಿಟ್ಟುಕೊಳ್ಳಬೇಕು. ನಾಳೆ ಯಾರಾದರೂ "ನೀವು ಕೊಟ್ಟಿದ್ದು ಕೊಳೆತಿತ್ತು" ಎಂದು ಜಗಳಕ್ಕೆ ಬಂದರೆ ತೋರಿಸುವುದಕ್ಕೆ. ಅದನ್ನೂ ಕ್ರೇಟಿನ ಮೇಲಿಂದ ತೆಗೆಯುವಂತಿಲ್ಲ, ನಡುವಿನಿಂದಲೇ ತೆಗೆಯಬೇಕು. ಮೇಲಿನದು ಯಾವಾಗಲೂ ಚೆನ್ನಾಗಿಯೇ ಇರುತ್ತದೆ ಎಂಬುದು ಭಾವನ ಅನುಭವ.

ಇಂಥ ಮನುಷ್ಯನ ಕೈಗೆ ಒಂದು ಸರ್ವರ್ ಸಿಕ್ಕಿತು.

ಗೋದಾಮಿನವರು ಬೇಡವೆಂದು ಎಸೆದ ಹಳೇ ಕಂಪ್ಯೂಟರ್ ಅದು. ಭಾವ ಅದನ್ನು ಎತ್ತಿಕೊಂಡು ಬಂದು, ಬಸ್ ನಿಲ್ದಾಣದ ಹತ್ತಿರದ ಕಂಪ್ಯೂಟರ್ ಅಂಗಡಿಯವನ ತಲೆ ತಿಂದು, ಮನೆಯ ಸಿನಿಮಾ, ಹಾಡು, ಫೋಟೋ, ವಿಡಿಯೋಗಳನ್ನೆಲ್ಲ ಅದರೊಳಗೆ ತುಂಬಿದರು. ಚಪ್ಪಲಿ ಗೂಡಿನ ಪಕ್ಕ, ಗೋಡೆಯಿಂದ ಒಂದು ಗೇಣು ದೂರ, ಅದು ಗುಂಯ್ ಅನ್ನುತ್ತ ಕೂತಿತು. ಮನೆಯ ಟಿವಿಯಲ್ಲಿ ಬಟನ್ ಒತ್ತಿದರೆ ಬೇಕಾದ ಸಿನಿಮಾ ಬರುತ್ತದೆ. ಕಿಟಕಿ ತೆರೆದಿಟ್ಟರೆ ಅವರ ವೈಫೈ ನನ್ನ ಮನೆಗೂ ಬರುತ್ತದೆ, ಹಾಗಾಗಿ ನಾನು ಈ ಯೋಜನೆಯನ್ನು ಮೊದಲ ದಿನದಿಂದ ಬೆಂಬಲಿಸಿದ್ದೇನೆ. ಅಳುವ ಸಿನಿಮಾಗಳ ಗಾಳಿ ನಗುವ ಸಿನಿಮಾಗಳಿಗೆ ಸೋಕದಂತೆ ಭಾವ ಬೇರೆ ಬೇರೆ ಫೋಲ್ಡರ್ ಮಾಡಿ, ನಡುವೆ ಒಂದು ಖಾಲಿ ಫೋಲ್ಡರ್ ಕೂಡ ಇಟ್ಟಿದ್ದರು. "ಅದ್ಯಾಕೆ ಖಾಲಿ ಬಿಟ್ಟಿದೀರಾ?" ಎಂದು ಕೇಳಿದ್ದಕ್ಕೆ, "ಗಾಳಿ ಆಡ್ಬೇಕಲ್ಲಮ್ಮಾ" ಎಂದರು.

ಆ ಸರ್ವರಿನಲ್ಲಿ ಎಲ್ಲಕ್ಕಿಂತ ಹಳೆಯದು ಒಂದು ಸಣ್ಣ ವಿಡಿಯೋ. ಅದರ ವಿಷಯ ಈಗಲೇ ಹೇಳಿಬಿಡಬೇಕು, ಯಾಕೆಂದರೆ ನನ್ನ ಅಕ್ಕನ ಸಂಸಾರ ನಿಂತಿರುವುದೇ ಅದರ ಮೇಲೆ.

ಮದುವೆಯಾದ ಹೊಸದರಲ್ಲಿ ಭಾವನಿಗೆ ಸೈಕಲ್ ಬರುತ್ತಿರಲಿಲ್ಲ. ಕೋಲ್ಡ್ ಸ್ಟೋರೇಜ್ ಇರುವುದು ಊರಾಚೆ, ಬೆಳಗಿನ ಪಾಳಿಗೆ ಬಸ್ಸಿಲ್ಲ. ಮೀಸೆ ಹೊತ್ತ ಗಂಡಸು ಸೈಕಲ್ ಕಲಿಯಲು ಹೊರಟರೆ ಬೀದಿಯವರು ನಗುತ್ತಾರೆಂದು, ಅಕ್ಕ ಅವರನ್ನು ಬಸ್ ಡಿಪೋ ಹಿಂದಿನ ಬಯಲಿಗೆ ಕರೆದುಕೊಂಡು ಹೋಗಿ, ಹಿಂದಿನ ಕ್ಯಾರಿಯರ್ ಹಿಡಿದು ಓಡುತ್ತ ಕಲಿಸಿದಳು. ಕ್ಯಾಮೆರಾ ಹಿಡಿದಿದ್ದವಳು ನಾನು. ನಾನು ನಿಂತಿದ್ದ ತುದಿಯಲ್ಲೇ ಒಬ್ಬ ಪೇಂಟರ್ ಡಿಪೋ ಗೋಡೆಗೆ ಸುಣ್ಣ ಬಳಿಯುತ್ತಿದ್ದ. ಅಷ್ಟು ದೊಡ್ಡ ಬಯಲಿನಲ್ಲಿ ಇದ್ದದ್ದು ಒಂದೇ ಒಂದು ಬಕೆಟ್. ಭಾವ ನೇರವಾಗಿ ಹೋಗಿ ಅದಕ್ಕೇ ಬಿದ್ದರು. ಬಿಳಿ ಮೀಸೆ, ಬಿಳಿ ಹುಬ್ಬು ಹೊತ್ತು ಎದ್ದು ನಿಂತು, ಬ್ರಷ್ ಎತ್ತಿಕೊಂಡು ಬಂದ ಪೇಂಟರನಿಗೆ "ತಪ್ಪಾಯ್ತು ಸಾರ್" ಎಂದು ಕೈ ಚಾಚಿದರು. ಅಕ್ಕ ನೆಲದಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿರುವಲ್ಲಿಗೆ ವಿಡಿಯೋ ಮುಗಿಯುತ್ತದೆ.

ಭಾವನ ಮೇಲೆ ಸಿಟ್ಟು ಬಂದಾಗಲೆಲ್ಲ ಅಕ್ಕ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಇದನ್ನು ನೋಡುತ್ತಾಳೆ. ಪೂರ್ತಿ ನೋಡುವ ತಾಳ್ಮೆ ಅವಳಿಗಿಲ್ಲ. ಬೆರಳಲ್ಲಿ ಸರ್ರನೆ ಮುಂದೆ ತಳ್ಳಿ, ಬಕೆಟ್ಟಿಗೇ ಬಂದು ನಿಲ್ಲಿಸುತ್ತಾಳೆ. ಐದು ನಿಮಿಷಕ್ಕೆ ಹೊರಗೆ ಬಂದಾಗ ಸಿಟ್ಟು ಇಳಿದಿರುತ್ತದೆ. ಯಾಕೆ ಇಳಿಯಿತು ಎಂದು ಭಾವ ಯಾವತ್ತೂ ಕೇಳಿಲ್ಲ. ಕೇಳಿದರೆ ಮತ್ತೆ ಏರೀತು ಎಂಬ ಭಯ ಅವರಿಗೆ.

ಕೊನೆಗೊಂದು ದಿನ ಸರ್ವರ್ ತುಂಬಿತು. ಹೊಸ ಸಿನಿಮಾ ಹಾಕಲು ಹೋದರೆ ಜಾಗವಿಲ್ಲ ಅಂದಿತು. ಭಾವನ ಮುಖದಲ್ಲಿ ಎಂಥ ಕಳೆ ಬಂತು ಅಂತೀರಿ! ಗೋದಾಮು ತುಂಬಿದರೆ ಸ್ಟೋರ್ ಕೀಪರನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ನನ್ನನ್ನೂ ಜೊತೆಗೆ ಕರೆದುಕೊಂಡು, ಅದೇ ಕಂಪ್ಯೂಟರ್ ಅಂಗಡಿಗೆ ಹೊರಟರು.

ಅಂಗಡಿಯವನು ಸಮಾಧಾನದ ಮನುಷ್ಯ. ಮೂರು ದಾರಿ ಇವೆ ಎಂದ. ಹಳೇ ಹಾರ್ಡ್ ಡಿಸ್ಕ್ ತೆಗೆದು ದೊಡ್ಡದೊಂದು ಹಾಕಬಹುದು. ಅಥವಾ ಜೋಡಿ ಡಿಸ್ಕ್ ಹಾಕಿ ಎರಡರಲ್ಲೂ ಅದನ್ನೇ ಬರೆಯಬಹುದು, ಒಂದು ಕೆಟ್ಟರೆ ಇನ್ನೊಂದು ಇರುತ್ತದೆ. ಇಲ್ಲವೇ ನಾಲ್ಕು ಡಿಸ್ಕ್ ಹಿಡಿಯುವ ಡಬ್ಬಿಯನ್ನೇ ತಂದು ಸರ್ವರಿಗೆ ಕೇಬಲ್ ಸಿಕ್ಕಿಸಬಹುದು, ಈಗ ಎರಡು ಖಾನೆ ತುಂಬಿ ಉಳಿದದ್ದನ್ನು ಮುಂದಕ್ಕೆ ಬಿಡಬಹುದು. ನನಗೆ ಎಲ್ಲ ಅರ್ಥವಾಯಿತು. ಭಾವ ಒಂದು ಡಿಸ್ಕ್ ಎತ್ತಿಕೊಂಡು ಅಂಗೈಯಲ್ಲಿ ತೂಗಿ, ಮೂಗಿಗೆ ಹಿಡಿದು ಮೂಸಿದರು.

"ಇದರ ಎಕ್ಸ್‌ಪೈರಿ ಎಲ್ಲಿ ಬರ್ದಿದೆ?" ಎಂದರು.

"ಎಕ್ಸ್‌ಪೈರಿ ಇರಲ್ಲ ಸಾರ್. ವಾರಂಟಿ ಇದೆ."

"ವಾರಂಟಿ ಕೆಟ್ಟ ಮೇಲೆ ಕೊಡೋದು. ನಾನ್ ಕೇಳ್ತಿರೋದು ಕೆಡೋ ತಾರೀಖು."

"ಅದು ಹೇಳಕ್ಕಾಗಲ್ಲ ಸಾರ್. ಹತ್ತು ವರ್ಷ ನಡೀಬೋದು, ನಾಳೇನೂ ಹೋಗ್ಬೋದು."

"ನಾಳೆ ಹೋಗೋದನ್ನ ಇವತ್ತು ಮಾರ್ತೀರಾ? ನಮ್ ಹತ್ರ ಟೊಮ್ಯಾಟೊ ಕೂಡ ಇಷ್ಟು ಧೈರ್ಯವಾಗಿ ಮಾರಲ್ಲ!"

ಅಂಗಡಿಯವನು ನನ್ನ ಕಡೆ ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅವತ್ತು ಏನೂ ಕೊಳ್ಳಲಿಲ್ಲ. ಮರುವಾರ ಮತ್ತೆ ಹೋದರು, ಕಿಸೆಯಿಂದ ಥರ್ಮಾಮೀಟರ್ ತೆಗೆದು ಓಡುತ್ತಿರುವ ಡಿಸ್ಕಿನ ಮೇಲಿಟ್ಟು "ಅಯ್ಯಯ್ಯೋ" ಎಂದರು. ಅದರ ಮುಂದಿನ ವಾರ ಇನ್ನೊಂದು ಅನುಮಾನ. ಜೋಡಿ ಡಿಸ್ಕಿನಲ್ಲಿ ಒಂದು ಕೊಳೆತರೆ ಪಕ್ಕದ್ದಕ್ಕೂ ಅಂಟುತ್ತದೆಯೇ? "ಅಂಟಲ್ಲ ಸಾರ್," ಎಂದ ಅಂಗಡಿಯವನು. "ಆದ್ರೆ ನೀವೇ ಏನಾದ್ರೂ ಅಳಿಸಿದ್ರೆ ಎರಡರಲ್ಲೂ ಅಳಿಸಿಹೋಗುತ್ತೆ. ಅದೊಂದು ನೆನಪಿರ್ಲಿ." ನಾನೇಕೆ ಅಳಿಸಲಿ ಎಂಬಂತೆ ಭಾವ ನಕ್ಕರು.

ನಕ್ಕವರು ಆಗಲೇ ಅಳಿಸಲು ಶುರು ಮಾಡಿದ್ದರು. ಡಿಸ್ಕಿನ ಆಯ್ಕೆ ವಾರಗಟ್ಟಲೆ ಎಳೆಯುತ್ತಿದ್ದರೆ ಹೊಸ ಸರಕು ಬರುವುದು ನಿಲ್ಲುತ್ತದೆಯೇ? ಅಕ್ಕನಿಗೆ ಅಡುಗೆ ಕಾರ್ಯಕ್ರಮ ಬೇಕು, ನನಗೆ ಕೊಲೆ ಸಿನಿಮಾ ಬೇಕು. ಜಾಗ ಮಾಡಲೇಬೇಕು. ಭಾವ ತಮಗೆ ಗೊತ್ತಿದ್ದ ಒಂದೇ ವಿದ್ಯೆ ಪ್ರಯೋಗಿಸಿದರು. ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ, ಹಳೆಯ ತುದಿಯಿಂದ ಒಂದು ಗುಡ್ಡೆ ಹೊರಗೆ ಹಾಕಿದರು. ಒಂದನ್ನೂ ತೆರೆದು ನೋಡಲಿಲ್ಲ. ಗೋದಾಮಿನಲ್ಲಿ ಯಾರೂ ಕ್ರೇಟ್ ಕ್ರೇಟನ್ನೂ ಬಿಚ್ಚಿ ನೋಡುವುದಿಲ್ಲವಂತೆ, ತಾರೀಖು ನೋಡಿದರೆ ಸಾಕಂತೆ.

ಆದರೆ ಮಾದರಿಯ ನಿಯಮ ಮರೆಯುವ ಪೈಕಿ ಅವರಲ್ಲ. ಅಂಗಡಿಯವನನ್ನು ಕಾಡಿ ಬೇಡಿ ಒಂದು ಪುಟ್ಟ ಪ್ರೋಗ್ರಾಂ ಬರೆಸಿಕೊಂಡಿದ್ದರು. ಯಾವ ವಿಡಿಯೋ ಹೊರಗೆ ಹೋಗುವುದಿದ್ದರೂ ಅದು ಮೊದಲು ಆ ವಿಡಿಯೋದ ನಟ್ಟನಡುವಿನಿಂದ ಹತ್ತು ಸೆಕೆಂಡ್ ಕತ್ತರಿಸಿ 'ಮಾದರಿ' ಎಂಬ ಫೋಲ್ಡರಿನಲ್ಲಿ ಇಡುತ್ತದೆ. ನಾನು ಅರ್ಧ ನೋಡಿ ಬಿಟ್ಟಿದ್ದ ಒಂದು ಕೊಲೆ ಸಿನಿಮಾ ಕಾಣೆಯಾದಾಗ ಈ ಸಂಗತಿ ನನಗೆ ತಿಳಿಯಿತು.

"ಭಾವ, ಕೊಂದೋರ್ಯಾರು ಅಂತ ನಂಗಿನ್ನೂ ಗೊತ್ತಾಗಿಲ್ಲ!"

"ಮಾದರಿ ಇದ್ಯಲ್ಲ, ನೋಡು."

ನೋಡಿದೆ. ಇನ್ಸ್‌ಪೆಕ್ಟರ್ ಮೆಟ್ಟಿಲು ಹತ್ತುತ್ತಾನೆ, ಒಮ್ಮೆ ಸೀನುತ್ತಾನೆ, ಮುಗಿಯಿತು. ಆ ಇನ್ಸ್‌ಪೆಕ್ಟರನೇ ಕೊಂದಿರಬೇಕೆಂದು ನಾನು ಇವತ್ತಿಗೂ ನಂಬಿದ್ದೇನೆ.

ಅಂತೂ ಇಂತೂ ಭಾವ ನಾಲ್ಕು ಖಾನೆಯ ಡಬ್ಬಿಯನ್ನೇ ಕೊಂಡರು, ಜೊತೆಗೆ ಜೋಡಿ ಡಿಸ್ಕ್. ನಾಲ್ಕು ಖಾನೆ, ಮುಂದೆ ನಾಲ್ಕು ಪುಟ್ಟ ಬಾಗಿಲು, ಒಂದೊಂದಕ್ಕೂ ಚಿಲಕ. ಅದನ್ನು ನೋಡಿದ ಮೇಲೆ ಬೇರೆ ಯಾವುದೂ ಅವರ ಕಣ್ಣಿಗೆ ಬೀಳಲಿಲ್ಲ. ಮೊದಲ ಜೋಡಿ ಖಾನೆಗೆ ಡಿಸ್ಕ್ ಹಾಕಿ, ಹಳೆಯ ಸರಕನ್ನೆಲ್ಲ ಸಾಗಿಸಿ ನೋಡಿದರೆ ಒಂದು ಮೂಲೆ ಕೂಡ ತುಂಬಲಿಲ್ಲ. ಭಾವ ಎದೆಯುಬ್ಬಿಸಿಕೊಂಡು ಓಡಾಡಿದರು. ಆದರೆ ಎರಡು ದಿನಕ್ಕೇ ಅವರ ಸುಖಕ್ಕೆ ಕಲ್ಲು ಬಿತ್ತು. ಡಬ್ಬಿ ಬಿಸಿಯಾಗುತ್ತಿತ್ತು. ಇಡೀ ಜೀವಮಾನ ಬಿಸಿಯ ವಿರುದ್ಧ ಹೋರಾಡಿದ ಮನುಷ್ಯ ತನ್ನ ಮನೆಯಲ್ಲೇ ಅದನ್ನು ಹೇಗೆ ಸಹಿಸಿಯಾನು?

ಭಾನುವಾರ ಬೆಳಿಗ್ಗೆ ಅಕ್ಕ ಫ್ರಿಜ್ ತೆಗೆದಾಗ, ಹಾಲಿನ ಪಾತ್ರೆ ಇರಬೇಕಾದ ಜಾಗದಲ್ಲಿ ಹಸಿರು ದೀಪ ಮಿನುಗಿಸುತ್ತ ಡಬ್ಬಿ ಕೂತಿತ್ತು. ಅದರ ಕೇಬಲ್ ಫ್ರಿಜ್ಜಿನ ಬಾಗಿಲ ಸಂದಿಯಿಂದ ಹೊರಟು, ಅಡುಗೆಮನೆ ದಾಟಿ, ಚಪ್ಪಲಿ ಗೂಡಿನವರೆಗೆ ಹೋಗಿತ್ತು. ಕೇಬಲ್ಲಿನಿಂದಾಗಿ ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ಕೆಳಗಿನ ಖಾನೆಗೆ ಇಳಿದಿದ್ದ ಹಾಲು ಒಡೆದಿತ್ತು, ಐಸ್‌ಕ್ರೀಮ್ ಕರಗಿ ತರಕಾರಿಯ ಟ್ರೇಯಲ್ಲಿ ಕೆರೆಯಾಗಿ ನಿಂತಿತ್ತು.

ಅಕ್ಕನ ಪಿತ್ತ ನೆತ್ತಿಗೇರಿತು. "ರೀ! ಏನ್ರೀ ಇದು?" ಎಂದು ಕೂಗಿದ್ದು ರಸ್ತೆಯಾಚೆ ನನಗೇ ಕೇಳಿಸಿ, ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿದೆ. ಜಗಳ ಬಿಡಿಸಲು ಅಂತ ಹೇಳಿದರೆ ಸುಳ್ಳಾಗುತ್ತದೆ, ನೋಡಲು ಓಡಿದೆ.

"ಬೆವರ್ಬಾರ್ದು ಅಂತ ಪ್ಲಾಸ್ಟಿಕ್ ಸುತ್ತಿಟ್ಟಿದೀನಿ ಕಣೇ," ಎಂದು ಭಾವ ಸಮಾಧಾನ ಹೇಳುತ್ತಿದ್ದರು. "ಡಿಸ್ಕಿಗೆ ಏನೂ ಆಗಿಲ್ಲ."

"ಡಿಸ್ಕಿಗಾ! ಹಾಲಿಗಾಗಿದ್ಯಲ್ರೀ!"

"ಅದು ಮೊನ್ನೆ ಹಾಲು. ಅದನ್ನ ಮೊದ್ಲೇ ಖಾಲಿ ಮಾಡ್ಬೇಕಿತ್ತು..."

ಹೀಗೆ ಹೇಳಬಾರದಿತ್ತು. ಅಕ್ಕ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಭಾವ ನೆಲ ಒರೆಸತೊಡಗಿದರು, ನಾನು ಸೋಫಾದಲ್ಲಿ ಕೂತು ಅಕ್ಕನ ನಗುವಿಗೆ ಕಾದೆ. ಐದು ನಿಮಿಷವಾಯಿತು. ಹತ್ತಾಯಿತು. ಒಳಗಿನಿಂದ ನಗು ಬರಲಿಲ್ಲ. ಬಾಗಿಲು ತೆರೆದು ಅಕ್ಕ ಹೊರಗೆ ಬಂದಳು, ಕೈಯಲ್ಲಿ ಫೋನು.

"ಮೊದಲ್ನೇ ವಿಡಿಯೋ ಎಲ್ಲಿ?" ಎಂದಳು. ದನಿ ತಣ್ಣಗಿತ್ತು.

"ಯಾವ್ದು?" ಎಂದರು ಭಾವ.

"ಎಲ್ಲದಕ್ಕಿಂತ ಮೇಲೆ ಇತ್ತಲ್ಲ. ಹೆಸರಿರ್ಲಿಲ್ಲ. ಬರೀ ನಂಬರಿತ್ತು."

"ಓ, ಹಳೇ ಸರಕಾ? ಅದು ಹೊರಗೆ ಹೋಯ್ತಲ್ಲ, ಹೋದ ತಿಂಗಳೇ."

ಅಕ್ಕ ಕೂಗಾಡಿದ್ದರೆ ನಾನು ನಿಶ್ಚಿಂತೆಯಿಂದ ಮನೆಗೆ ಹೋಗುತ್ತಿದ್ದೆ. ಅವಳು ಕೂಗಲಿಲ್ಲ. ಊಟದ ಮೇಜಿನ ಹತ್ತಿರ ಕೂತು, ಫೋನನ್ನು ಮಗುಚಿಟ್ಟು, ಕಿಟಕಿಯ ಕಡೆ ನೋಡತೊಡಗಿದಳು. ಈ ಮನೆಯಲ್ಲಿ ಇನ್ನು ಮುಂದೆ ಸಿಟ್ಟು ಬಂದರೆ ಅದು ಇಳಿಯುವುದು ಹೇಗೆ?

ಭಾವನನ್ನು ಚಪ್ಪಲಿ ಗೂಡಿನ ಹತ್ತಿರ ಎಳೆದುಕೊಂಡು ಹೋಗಿ ಎಲ್ಲ ಹೇಳಿದೆ. ಬಯಲು, ಬಕೆಟ್ಟು, ಬಾಗಿಲು ಹಾಕಿಕೊಂಡ ಕೋಣೆ.

"ನಾನು ಸುಣ್ಣಕ್ಕೆ ಬಿದ್ದಿದ್ದಾ?" ಎಂದರು ಭಾವ, ಕಣ್ಣು ಕಣ್ಣು ಬಿಡುತ್ತ. "ಅದನ್ನ ಇವ್ಳು ಇಷ್ಟು ವರ್ಷ ಇಟ್ಕೊಂಡಿದ್ಲಾ?"

"ಅದಿಲ್ದಿದ್ರೆ ನಿಮ್ಮನ್ನ ಇಟ್ಕೊಂಡಿರ್ತಿರ್ಲಿಲ್ಲ ಭಾವ."

ಅವರು ಅಲ್ಲೇ ನಿಂತು ಅಂಗಡಿಯವನಿಗೆ ಫೋನ್ ಮಾಡಿದರು. ಅವನು ಎಲ್ಲ ಕೇಳಿಸಿಕೊಂಡು, ಅಳಿಸಿದ ಜಾಗದ ಮೇಲೆ ಹೊಸದೇನಾದರೂ ತುಂಬಿದ್ದೀರಾ ಎಂದು ಕೇಳಿದ. ತುಂಬಿದ್ದೆವು. ಅಡುಗೆ ಕಾರ್ಯಕ್ರಮ ಇಡೀ ಒಂದು ವರ್ಷದ್ದು ಬಂದು ಕೂತಿತ್ತು. "ಹಾಗಾದ್ರೆ ಅದು ಸಿಗಲ್ಲ ಸಾರ್," ಎಂದ. ಭಾವ ಚಪ್ಪಲಿಗಳ ನಡುವೆ ಕುಸಿದು ಕೂತರು. ಆ ಮನುಷ್ಯನನ್ನು ಮೊದಲಿನಿಂದಲೂ ತಮಾಷೆ ಮಾಡಿಕೊಂಡು ಬಂದವಳು ನಾನು, ಆದರೂ ಆಗ ಪಾಪ ಅನ್ನಿಸಿತು. ಫೋನಿನೊಳಗಿಂದ ಅಂಗಡಿಯವನು ಇನ್ನೂ ಏನೋ ಹೇಳುತ್ತಿದ್ದ. ನಾನೇ ಎತ್ತಿಕೊಂಡು ಸ್ಪೀಕರ್ ಹಾಕಿದೆ.

"ಮೇಡಂ, ನನ್ನ ಪ್ರೋಗ್ರಾಂ ಓಡಿಸಿದ್ರಲ್ಲ? ಮಾದರಿ ಇರ್ಬೇಕು ನೋಡಿ."

ಭಾವ ಎದ್ದ ರಭಸಕ್ಕೆ ಚಪ್ಪಲಿ ಗೂಡೇ ಅಲುಗಾಡಿತು. ಟಿವಿ ಹಾಕಿ, ಮಾದರಿಯ ಫೋಲ್ಡರ್ ತೆರೆದು, ತಾರೀಖಿನ ಪ್ರಕಾರ ಜೋಡಿಸಿದರು. ಎಲ್ಲಕ್ಕಿಂತ ಮೇಲೆ, ಹೆಸರಿಲ್ಲದೆ, ಬರೀ ನಂಬರು ಹೊತ್ತು ಅದು ಕೂತಿತ್ತು. ಅಕ್ಕ ಕುರ್ಚಿಯಿಂದ ಏಳಲಿಲ್ಲ, ಆದರೆ ಮುಖ ಟಿವಿಯ ಕಡೆ ತಿರುಗಿಸಿದಳು. "ಹತ್ತು ಸೆಕೆಂಡಲ್ಲಿ ಬಕೆಟ್ ಎಲ್ಲಿಂದ ಬರ್ಬೇಕು," ಎಂದು ಗೊಣಗಿದಳು. ಅವಳು ಹೇಳಿದ್ದು ನಿಜ. ಮಾದರಿ ನಡುವಿನದು, ಬಕೆಟ್ ಇದ್ದದ್ದು ಕೊನೆಯಲ್ಲಿ. ಭಾವ ಬಟನ್ ಒತ್ತಿದರು.

ಬಯಲು. ಸೈಕಲ್ ನೇರ ಕ್ಯಾಮೆರಾದ ಕಡೆ ಬರುತ್ತಿದೆ. ಅದರ ಮೇಲೆ ಭಾವ, ತೆಳ್ಳಗೆ, ಕರಿ ಮೀಸೆ, ಕಣ್ಣುಗಳು ಹೊರಗೆ ಬರುವಷ್ಟು ಅಗಲ. "ಬಿಡ್ಬೇಡ! ಬಿಡ್ಬೇಡ ಕಣೇ!" ಎಂದು ಕಿರುಚುತ್ತಿದ್ದಾರೆ. ಹಿಂದೆ ಯಾರೂ ಇಲ್ಲ. ತುಂಬ ದೂರದಲ್ಲಿ, ಬಯಲಿನ ಆ ತುದಿಯಲ್ಲಿ, ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು ನಿಂತ ಅಕ್ಕ ಅಷ್ಟೇ ಜೋರಾಗಿ ಕೂಗುತ್ತಿದ್ದಾಳೆ: "ಇಲ್ಲಾರೀ, ಹಿಡ್ಕೊಂಡಿದೀನಿ! ಹಿಡ್ಕೊಂಡೇ ಇದೀನಿ!"

ಅಲ್ಲಿಗೆ ಮುಗಿಯಿತು.

ಭಾವ ಮತ್ತೆ ಹಾಕಿದರು. ಇನ್ನೊಮ್ಮೆ ಹಾಕಿದರು. ಆಮೇಲೆ ನಿಧಾನವಾಗಿ ಅಕ್ಕನ ಕಡೆ ತಿರುಗಿದರು.

"ನೀನು ಹಿಡ್ಕೊಂಡಿರ್ಲಿಲ್ವಾ?"

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಅಲ್ಲ, ಈ ಭಾಗ ಅವಳು ತಾನೇ ಯಾವಾಗ ನೋಡಿದ್ದಳು?

"ಅಷ್ಟು ದೂರ ನಾನೊಬ್ನೇ ಬಂದಿದ್ನಾ?" ಭಾವನ ದನಿ ಒಡೆಯಿತು. "ಇಷ್ಟು ವರ್ಷ ನಾನು ಏನಂದ್ಕೊಂಡಿದ್ದೆ ಗೊತ್ತಾ? ಹೆಂಡ್ತಿ ಹಿಂದಿಂದ ಹಿಡ್ಕೊಂಡಿದ್ರೂ ಬಿದ್ನಲ್ಲ, ಎಂಥ ಗಂಡಸು ನಾನು ಅಂತ. ಇವತ್ತಿಗೂ ಸೈಕಲ್ ಹತ್ತುವಾಗ ಅದೇ ನೆನಪಾಗುತ್ತೆ ಕಣೇ."

ಅಕ್ಕನಿಗೆ ತಡೆಯಲಾಗಲಿಲ್ಲ. ನಗು ಕಿತ್ತುಕೊಂಡು ಬಂತು. ಆ ನಗು ನೆಲದಲ್ಲಿ ಕೂತು ಹೊಟ್ಟೆ ಹಿಡಿದುಕೊಂಡ ಹಳೇ ನಗುವೇ, ಆದರೆ ಈ ಸಲ ಅವಳ ಕಣ್ಣಲ್ಲಿ ನೀರೂ ಇತ್ತು. "ನಾನು ಹಿಡ್ಕೊಂಡಿದ್ದು ಹತ್ತು ಹೆಜ್ಜೇನೂ ಇಲ್ಲಾರೀ," ಎಂದಳು. "ಆಮೇಲೆ ನಿಮ್ಮ ವೇಗಕ್ಕೆ ನಂಗೆ ಓಡಕ್ಕೇ ಆಗ್ಲಿಲ್ಲ." ಭಾವ ನೆಲ ಒರೆಸುವ ಬಟ್ಟೆಯಿಂದಲೇ ಮುಖ ಒರೆಸಿಕೊಂಡರು. ನಾನು ಎದ್ದು ಹೋಗಿ, ನನ್ನ ಮನೆಯಿಂದ ಹಾಲು ತಂದು ಮೂವರಿಗೂ ಟೀ ಮಾಡಿದೆ.

ಡಬ್ಬಿ ಫ್ರಿಜ್ಜಿನಿಂದ ಹೊರಗೆ ಬಂತು. ಮರುದಿನ ಭಾವ ಒಬ್ಬರೇ ಕೂತು ಸರಕನ್ನು ಮತ್ತೆ ಜೋಡಿಸಿದರು. ಸಿನಿಮಾ, ಹಾಡು, ಅಡುಗೆ ಕಾರ್ಯಕ್ರಮ ಎಲ್ಲ ಪುನಃ ಹಳೇ ಕಂಪ್ಯೂಟರಿಗೇ ಹೋಗಿ, ಮೊದಲಿನ ಹಾಗೆ ಒಂದರ ಮೇಲೊಂದು ಇಕ್ಕಟ್ಟಿನಲ್ಲಿ ಕೂತವು. ಹೊಸ ಡಬ್ಬಿಯಲ್ಲಿ, ಜೋಡಿ ಡಿಸ್ಕಿನಲ್ಲಿ, ಆ ಹತ್ತು ಸೆಕೆಂಡ್ ಬಿಟ್ಟು ಬೇರೇನೂ ಇಲ್ಲ. ಇನ್ನೊಂದರ ಗಾಳಿ ಅದಕ್ಕೆ ಸೋಕಬಾರದಂತೆ.

ಮುಂದಿನ ವಾರ ಹೊಸ ಸಿನಿಮಾ ಹಾಕಲು ಹೋದರೆ ಸರ್ವರ್ ಯಥಾಪ್ರಕಾರ ಜಾಗವಿಲ್ಲ ಅಂದಿತು. ಭಾವ ಇಸ್ತ್ರಿ ಶರ್ಟು ಹಾಕಿಕೊಂಡರು, ನಾನು ಜೊತೆಗೆ ಹೊರಟೆ. ನಾವು ಮೆಟ್ಟಿಲು ಹತ್ತುವುದನ್ನು ಕಂಡೇ ಅಂಗಡಿಯವನು ತಲೆಯ ಮೇಲೆ ಕೈಯಿಟ್ಟುಕೊಂಡ.

"ಇನ್ನೊಂದು ಡಬ್ಬಿ ಬೇಕಿತ್ತು," ಎಂದರು ಭಾವ.

"ಸಾರ್, ಮೊನ್ನೆ ತಾನೇ ಅಷ್ಟು ದೊಡ್ಡದು ತಗೊಂಡ್ರಲ್ಲ! ಸಾವಿರ ಸಿನಿಮಾ ಹಿಡಿಯುತ್ತೆ ಅದರಲ್ಲಿ. ಈಗ ಎಷ್ಟು ತುಂಬಿದೆ?"

ಭಾವ ಒಂದು ಡಿಸ್ಕ್ ಎತ್ತಿಕೊಂಡು ಅಂಗೈಯಲ್ಲಿ ತೂಗುತ್ತ, ಅದನ್ನು ಮೂಸುವುದಕ್ಕೆ ಮೊದಲು ಹೇಳಿದರು:

"ಅದು ಪೂರ್ತಿ ತುಂಬಿದೆ."